ಸದ್ದು ಕಳೆದುಕೊಂಡ ಸೈಕಲ್ಲು

ಕೂತಲ್ಲಿ ಕೂರುವುದೂ ಒಂದು ವಿದ್ಯೆ. ಅದು ನನ್ನ ತಲೆಗೆ ಹತ್ತಲಿಲ್ಲ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಬಸ್ಸಿನಲ್ಲಿ ಸೀಟು ಸಿಕ್ಕರೂ ಬಾಗಿಲ ಬಳಿ ನಿಲ್ಲುವವನು ನಾನು. ಮದುವೆ ಮನೆಯಲ್ಲಿ ಮೊದಲ ಪಂಕ್ತಿಗೇ ಕೂರುತ್ತೇನೆ, ಆದರೆ ಸಾರು ಬರುವಷ್ಟರಲ್ಲಿ ಮೊಣಕಾಲು ಕುಣಿಯಲು ಶುರುವಾಗಿ ಪಕ್ಕದವರ ಎಲೆಯ ಪಾಯಸ ಅಲುಗಾಡತೊಡಗುತ್ತದೆ. "ಇವನ ಕಾಲಿಗೆ ಚಕ್ರ ಕಟ್ಟಿ ಕಳಿಸಿದಾರೆ" ಎಂದು ಅಮ್ಮ ಹೇಳುತ್ತಿದ್ದಳು. ಅಂಥವನಿಗೆ ತಕ್ಕ ಕೆಲಸವೇ ಸಿಕ್ಕಿತು. ಆಲ್ದೂರಿನಿಂದ ನಾಲ್ಕು ಮೈಲಿ ಒಳಗಿನ ಕಾಫಿ ಎಸ್ಟೇಟಿನಲ್ಲಿ ನಾನು ರೈಟರ್ ಆದೆ. ರೈಟರ್ ಎಂದರೆ ಆಳುಗಳ ಹಾಜರಿ ಬರೆಯುವವನು, ದಿನಕ್ಕೆ ನಾಲ್ಕು ಸಲ ತೋಟ ಸುತ್ತಿ ಕೆಲಸ ನೋಡಿಕೊಂಡು ಬರುವವನು. ಕಡೂರಿನ ನನ್ನ ಮಾವನವರಿಗೆ ಇದು ಗೊತ್ತಿರಲಿಲ್ಲ. ಹುಡುಗ ರೈಟರ್ ಎಂದಾಗ ಕತೆ ಕಾದಂಬರಿ ಬರೆಯುತ್ತಾನೆಂದು ತಿಳಿದು ಮಗಳನ್ನು ಕೊಟ್ಟರು. ಮದುವೆಯಾಗಿ ಬಂದ ವಾರದಲ್ಲೇ ಶಾರದೆ, "ನೀವು ಬರೆದಿದ್ದು ಏನಾದ್ರೂ ಕೊಡ್ರಿ, ಓದ್ತೀನಿ" ಎಂದಳು. ಹಾಜರಿ ಪುಸ್ತಕ ಕೊಟ್ಟೆ. ಎರಡು ಪುಟ ತಿರುವಿ, "ಪಾತ್ರಗಳು ಜಾಸ್ತಿ ಆದ್ವು" ಎಂದು ಹಿಂದಿರುಗಿಸಿದಳು.

ಈ ಸುತ್ತಾಟಕ್ಕೆ ಹನ್ನೊಂದು ವರ್ಷ ನನ್ನನ್ನು ಹೊತ್ತದ್ದು ಅಪ್ಪನ ಕಾಲದ ಕರಿ ಸೈಕಲ್ಲು. ಅದರ ಮಡ್‌ಗಾರ್ಡು ಚಕ್ರಕ್ಕೆ, ಚೈನ್ ಕವರು ಪೆಡಲಿಗೆ, ಕ್ಯಾರಿಯರು ಸೀಟಿಗೆ ಸದಾ ತಾಗುತ್ತಲೇ ಇರುತ್ತಿದ್ದವು. ನಾನು ಮೇಲಿನ ತಿರುವಿನಲ್ಲಿರುವಾಗಲೇ ಕೆಳಗಿನ ಹಳ್ಳದವರೆಗೆ ಸುದ್ದಿ ಮುಟ್ಟುತ್ತಿತ್ತು. ಸರಿಯಾಗಿ ಆ ಹೊತ್ತಿಗೇ ಕಾಫಿ ಗಿಡಗಳ ನಡುವಿನಿಂದ ಯಾರೋ ಒಬ್ಬಳು "ಕೂ..." ಎನ್ನುತ್ತಿದ್ದಳು. ಆಚೆಯಿಂದ ಇನ್ನೊಬ್ಬಳು "ಕೂ..." ಎಂದು ಓಗೊಡುತ್ತಿದ್ದಳು. ತೋಟದಲ್ಲಿ, ಕಾಡಿನಲ್ಲಿ ಜೊತೆಯವರು ತಪ್ಪಿಹೋಗದಿರಲಿ ಎಂದು ಹೀಗೆ ಕೂ ಹಾಕುವುದು ನಮ್ಮ ಕಡೆಯ ವಾಡಿಕೆ. ಪಾಪ, ಈ ಹೆಂಗಸರು ಒಬ್ಬರನ್ನೊಬ್ಬರು ಎಷ್ಟು ಎಚ್ಚರದಿಂದ ನೋಡಿಕೊಳ್ಳುತ್ತಾರೆ ಎಂದು ನನಗೆ ಮೆಚ್ಚುಗೆ. ತೋಟದ ಮಾಲೀಕರಾದ ಸಾಹುಕಾರರ ಮುಂದೆಯೂ ಒಮ್ಮೆ ಹೊಗಳಿದ್ದೆ.

ಹೀಗಿರುವಾಗ ಒಂದು ಮೇ ತಿಂಗಳಲ್ಲಿ ಗೋದಾಮು ಸ್ವಚ್ಛ ಮಾಡಿಸುತ್ತಿದ್ದೆ. ಗೋಣಿಚೀಲಗಳ ಹಿಂದೆ ಒಂದು ಕೆಂಪು ಸೈಕಲ್ಲು ಸಿಕ್ಕಿತು. ಸಾಹುಕಾರರ ಭಾವ ಇಪ್ಪತ್ತು ವರ್ಷದ ಹಿಂದೆ ಹೊರದೇಶದಿಂದ ತಂದಿದ್ದಂತೆ. ಅದರ ಮೈಮೇಲೆ ಇಂಗ್ಲಿಷಿನಲ್ಲಿ 'ಮೌಂಟನ್ ಬೈಕ್' ಎಂದು ಬರೆದಿತ್ತು. ಆ ಮಾತನ್ನು ನಂಬಿ ಭಾವನವರು ದೇವರಮನೆ ಎಂಬ ಗುಡ್ಡ ಹತ್ತಲು ಹೋದರು, ಜೀಪಿನಲ್ಲಿ ಸೈಕಲ್ಲಿನ ಜೊತೆ ಮಲಗಿಕೊಂಡು ವಾಪಸು ಬಂದರು, ಆಮೇಲೆ ಅದನ್ನು ಮುಟ್ಟಲಿಲ್ಲ. "ಬೇಕಾದ್ರೆ ತಗಂಡ್ ಹೋಗಿ ರೈಟ್ರೆ, ಜಾಗ ಖಾಲಿ ಆಗ್ತದೆ" ಎಂದರು ಸಾಹುಕಾರರು.

ಸರಿ, ಆ ಮಳೆಗಾಲವಿಡೀ ನನಗೆ ಬೇರೆ ಧ್ಯಾನವಿಲ್ಲ. ಸೀಮೆಎಣ್ಣೆ ಸವರಿ ಉಪ್ಪುಕಾಗದದಿಂದ ತುಕ್ಕು ತಿಕ್ಕಿದೆ. ಊಟದ ನಡುವೆ ಎದ್ದು ಹೋಗಿ ಚಕ್ರ ತಿರುಗಿಸಿ ನೋಡಿ ಬಂದೆ. ಒಂದು ಬೋಲ್ಟು ಸಡಿಲಿಸುತ್ತಿರುವಾಗಲೇ ಇನ್ನೊಂದರ ಚಿಂತೆ ಹತ್ತುತ್ತಿತ್ತು. ಆಲ್ದೂರಿನ ಸೈಕಲ್ ಶಾಪಿನ ಬಾಬಣ್ಣ ಗೇರು ಎಣಿಸಿ ದಂಗಾದ. "ಜೀಪಿಗೇ ನಾಕು. ಇದಕ್ಕೆ ಹದಿನೆಂಟಾ? ಇದನ್ನ ಓಡ್ಸಕ್ಕೆ ಲೈಸೆನ್ಸ್ ಬೇಕಾಗ್ತದೆ ಮಾರಾಯ್ರೆ!" ಹದಿನೆಂಟರಲ್ಲಿ ಹದಿನೈದು ಕೆಟ್ಟಿದ್ದವು, ಉಳಿದ ಮೂರೇ ಸಾಕೆಂದು ಇಬ್ಬರೂ ತೀರ್ಮಾನಿಸಿದೆವು. ಬ್ರೇಕಿಗೆ ಸ್ಕೂಟರಿನ ಕ್ಲಚ್ ವೈರು ಕತ್ತರಿಸಿ ಹಾಕಿದ. ಗುಡ್ಡ ಹತ್ತುವ ಈ ಸೈಕಲ್ಲಿಗೆ ಮಡ್‌ಗಾರ್ಡಿಲ್ಲ, ಸ್ಟ್ಯಾಂಡಿಲ್ಲ, ಕ್ಯಾರಿಯರಿಲ್ಲ. ಅದನ್ನು ಮಾಡಿದವರು ಗುಡ್ಡ ಹತ್ತಿದ ಮೇಲೆ ಅಲ್ಲೇ ಇದ್ದುಬಿಡುವ ಜನವಿರಬೇಕು. ಮೂರನ್ನೂ ಕರಿ ಸೈಕಲ್ಲಿನಿಂದ ಬಿಚ್ಚಿ ಹಾಕಿಸಿದೆ. ಬೆನ್ನು ಬಗ್ಗಿಸಿ ಕೂರಿಸುತ್ತಿದ್ದ ನೆಟ್ಟಗಿನ ಹ್ಯಾಂಡಲ್ಲಿನ ಬದಲು ಮೇಲೆದ್ದ ಹ್ಯಾಂಡಲ್ ಬಂತು. ಗುಬುಟುಗುಬುಟು ಟೈರು ತೆಗೆದು ನುಣುಪಿನದು ಹುಡುಕಲು ಚಿಕ್ಕಮಗಳೂರಿಗೆ ಎರಡು ಸಲ ಹೋದೆ. ಮೊದಲ ವಾರ, ಆಗಾಗ ಎಸ್ಟೇಟಿನ ಜೀಪು ಓಡಿಸಿದ ಅಭ್ಯಾಸದಲ್ಲಿ, ಗೇರು ಬದಲಿಸುವಾಗ ಪೆಡಲು ನಿಲ್ಲಿಸಿ ಎಡಗಾಲಿನಿಂದ ಇಲ್ಲದ ಕ್ಲಚ್ಚನ್ನು ತುಳಿಯುತ್ತಿದ್ದೆ. ಚೈನು ಕಳಚಿ, ನಾನು ಗೊಬ್ಬರದ ಗುಂಡಿಯ ಅಂಚಿನಲ್ಲಿ ಎರಡು ಸಲ ಕೂತೆ. ಇಡೀ ಮಳೆಗಾಲದಲ್ಲಿ ನಾನು ಕೂತದ್ದು ಅಷ್ಟೇ ಎಂದು ಶಾರದೆಯ ಲೆಕ್ಕ.

ನನಗೆ ನಿಜವಾದ ಹುಚ್ಚು ಹಿಡಿದದ್ದು ಸದ್ದಿನ ವಿಷಯದಲ್ಲಿ. ಹಳೆಯ ಟ್ಯೂಬು ಕತ್ತರಿಸಿ ಮಡ್‌ಗಾರ್ಡಿನ ಪ್ರತಿ ನಟ್ಟಿಗೂ ರಬ್ಬರು ಕೊಟ್ಟೆ. ಫ್ರೀವೀಲಿಗೆ ಗ್ರೀಸು ತುಂಬಿ ಅದರ ಟಿಕಟಿಕವನ್ನೂ ಅಡಗಿಸಿದೆ. ಕೊನೆಗೆ ಒಂದು ಬೆಳಿಗ್ಗೆ ಏರಿನ ಮೇಲಿಂದ ಸುಮ್ಮನೆ ಬಿಟ್ಟೆ. ನನ್ನ ಉಸಿರು ಬಿಟ್ಟರೆ ಬೇರೆ ಏನೂ ಕೇಳಿಸಲಿಲ್ಲ. ಸತ್ಯ ಹೇಳುತ್ತೇನೆ, ಕಣ್ಣಲ್ಲಿ ನೀರು ಬಂತು. ಹುಟ್ಟಿದಾಗಿನಿಂದ ಒಳಗೆ ಗಡಗಡ ಎನ್ನುತ್ತಿದ್ದುದೇನೋ ಆ ಇಳಿಜಾರಿನಲ್ಲಿ ಮೊದಲ ಸಲ ಸುಮ್ಮನಾಗಿತ್ತು.

ಅಷ್ಟರಲ್ಲಿ ಕಾಫಿ ಹಣ್ಣಿನ ಕುಯ್ಲು ಶುರುವಾಯಿತು. ಎರಡನೆಯ ದಿನ ನಾನು ಹಳ್ಳದ ತಿರುವಿನಲ್ಲಿ ಇಳಿದು ಬಂದಾಗ ಏಳೆಂಟು ಹೆಂಗಸರು ಸಿಲ್ವರ್ ಓಕ್ ಮರದ ಬುಡದಲ್ಲಿ ಎಲೆಯಡಿಕೆ ಮೆಲ್ಲುತ್ತಾ ಕೂತಿದ್ದರು. ಪ್ರತಿ ವರ್ಷ ಕಳಸದ ಕಡೆಯಿಂದ ಕುಯ್ಲಿನ ಗುಂಪು ಕಟ್ಟಿಕೊಂಡು ಬರುತ್ತಿದ್ದ ಗಿರಿಜಕ್ಕ ಅವರ ಮುಂದೆ ಒಂದು ಗೋಣಿಚೀಲವನ್ನು ಮಡಿಸಿ ಕಂಕುಳಲ್ಲಿ ಇಟ್ಟುಕೊಂಡು, ಎರಡು ಹೆಜ್ಜೆ ಹೋಗಿ, ಗಕ್ಕನೆ ನಿಂತು, ಬರಿಗೈಯಲ್ಲಿ ಇಲ್ಲದ ಗಡಿಯಾರ ನೋಡಿ, ಮತ್ತೆರಡು ಹೆಜ್ಜೆ ಹೋಗುತ್ತಿದ್ದಳು. ಯಾರೋ ಪಾಪ, ತಲೆ ಸರಿಯಿಲ್ಲದವನ ಅನುಕರಣೆ ಎಂದುಕೊಂಡೆ. ಆಮೇಲೆ ಅವಳು ಮೊಣಕಾಲು ಕುಣಿಸಿದಳು.

"ಆ ಮನ್ಷಂಗೆ ಕೂತ್ಕಂಡ್ರೆ ಬೇರು ಬಿಡ್ತೀನಿ ಅಂತ ಹೆದ್ರಿಕೆ ಕಣ್ರೇ," ಎಂದಳು ಗಿರಿಜಕ್ಕ. "ಹೆಂಡ್ತಿ ಅವ್ರ ಮುಖ ನೆಟ್ಟಗೆ ನೋಡಿದ್ದು ಮದ್ವೆ ಫೋಟೋದಲ್ಲೇ ಇರ್ಬೇಕು."

ಎಲ್ಲರೂ ಬಿದ್ದು ಬಿದ್ದು ನಕ್ಕರು. ಅಷ್ಟರಲ್ಲಿ ಒಬ್ಬಳ ಕಣ್ಣು ನನ್ನ ಮೇಲೆ ಬಿತ್ತು. ಕಿಟಾರನೆ ಕಿರುಚಿದಳು. ಬುಟ್ಟಿಗಳು ಮಗುಚಿ ಹಣ್ಣೆಲ್ಲ ಇಳಿಜಾರಿಗೆ ಉರುಳಿದವು. ಗಿರಿಜಕ್ಕನ ಕಂಕುಳಿನ ಚೀಲ ನನ್ನ ಚಕ್ರದ ಮುಂದೆ ಬಿತ್ತು. ಆಗ ಹೊಳೆಯಿತು ನನಗೆ: ಈ ದಿನ ಯಾರೂ ಕೂ ಹಾಕಿರಲಿಲ್ಲ. ಹನ್ನೊಂದು ವರ್ಷ ಅವರು ಕೂ ಹಾಕಿದ್ದು ದಾರಿ ತಪ್ಪಿದವರಿಗಾಗಿ ಅಲ್ಲ, ನಾನು ಬಂದೆ ಎಂದು. ಅವಳು ನನ್ನನ್ನು ಆಡಿಕೊಂಡದ್ದು ನನಗೆ ಅಷ್ಟು ತಟ್ಟಲಿಲ್ಲ, ನಡಿಗೆ ಚೆನ್ನಾಗಿಯೇ ಮಾಡಿದ್ದಳು. ಆದರೆ ಆ ಕೂ ಮಾತ್ರ ಬಹಳ ನೋವು ಮಾಡಿತು.

ಸುದ್ದಿ ಸಾಹುಕಾರರಿಗೂ ಹೋಯಿತು. "ಭಾರಿ ಆಯ್ತಲ್ಲ ರೈಟ್ರೆ ನಿಮ್ ಸೈಕಲ್ಲು. ಹಿಂಗೇ ಸದ್ದಿಲ್ದೆ ಹೋಗಿ ನೋಡ್ಕಂಡ್ ಬರ್ತಾ ಇರಿ" ಎಂದು ಬೆನ್ನು ತಟ್ಟಿದರು. ಮೂರು ತಿಂಗಳು ನಾನು ತಿಕ್ಕಿದ್ದು ಇದಕ್ಕಾ ಎನಿಸಿತು. ತೋಟದಲ್ಲಿ ಮಾತು, ನಗು ಎಲ್ಲ ನಿಂತೇಹೋಯಿತು. ಹೆಂಗಸರು ಒಂದು ಹಣ್ಣು ಕಿತ್ತರೆ ಎರಡು ಸಲ ಹಿಂದಕ್ಕೆ ತಿರುಗಿ ನೋಡುತ್ತಿದ್ದರು. ಭಾನುವಾರ ಬೆಳಿಗ್ಗೆ ಆಳುಗಳ ಮೇಲ್ವಿಚಾರಕ ತಿಮ್ಮಪ್ಪ ಮೇಸ್ತ್ರಿ ಮನೆಗೆ ಬಂದ.

"ಗಿರಿಜಕ್ಕನ ಗುಂಪು ನಾಡಿದ್ದು ಗಂಟು ಕಟ್ತದಂತೆ ರೈಟ್ರೆ. ಪಕ್ಕದ ತೋಟದವ್ರು ಕರ್ದಿದಾರೆ. ಅರ್ಧ ಹಣ್ಣು ಗಿಡದಲ್ಲೇ ಇದೆ."

"ನಾನು ಯಾರಿಗೂ ಒಂದು ಮಾತು ಅಂದಿಲ್ಲ ತಿಮ್ಮಪ್ಪ. ನಾನೇನು ಮಾಡ್ದೆ?"

"ಏನೂ ಮಾಡಿಲ್ಲ, ಅದೇ ತೊಂದ್ರೆ. ಕಾಡಾನೆ ಬಂದ್ರೂ ಬೈನೆ ಮರ ಮುರ್ಯೋ ಸದ್ದು ಕೇಳ್ತದೆ. ನೀವು ಬಂದ್ರೆ ಏನೂ ಕೇಳಲ್ಲ. ಹೆಂಗಸ್ರು ಬಟ್ಟೆ ಬರೆ ಸರಿ ಮಾಡ್ಕಳಕ್ಕೂ ಹೆದ್ರಂಗಾಗಿದೆ."

ನನಗೆ ನಾಚಿಕೆಯಾಯಿತು. ಇಷ್ಟು ವರ್ಷದ ಹಾಜರಿಯಲ್ಲಿ ಅವರೆಲ್ಲರ ಹೆಸರು ಬರೆದಿದ್ದೇನೆ, ಈ ಒಂದು ವಿಷಯ ಮಾತ್ರ ನನ್ನ ತಲೆಗೆ ಬಂದಿರಲಿಲ್ಲ. ಪ್ರತಿ ತಿರುವಿನಲ್ಲೂ ಬೆಲ್ ಹೊಡೆಯುತ್ತೇನೆ ಎಂದೆ. ತಿಮ್ಮಪ್ಪ ತಲೆ ಕೆರೆದುಕೊಂಡ. "ಅದನ್ನೂ ಕೇಳ್ದೆ. ಗಿರಿಜಕ್ಕ ಏನಂತಾಳೆ ಗೊತ್ತಾ? ಬೆಲ್ಲು ಅವ್ರ ಕೈಲಿರ್ತದೆ, ಹೊಡೀಬೋದು, ಬಿಡ್ಬೋದು ಅಂತಾಳೆ." ಅವನು ಹೋದ ಮೇಲೆ ಪಾನಾ ಹಿಡಿದು ಮಡ್‌ಗಾರ್ಡಿನ ಮುಂದೆ ಕೂತೆ. ಒಂದು ನಟ್ಟು ಸಡಿಲಿಸಿದರೆ ಸಾಕಿತ್ತು. ಕೈ ಬರಲಿಲ್ಲ. ಎದ್ದೆ, ಅಂಗಳ ಸುತ್ತಿದೆ, ಮತ್ತೆ ಕೂತೆ, ಮತ್ತೆ ಎದ್ದೆ. ಒಂಬತ್ತನೆಯ ಸಲ ಏಳುವಾಗ ಶಾರದೆ ಕೊಟ್ಟಿಗೆಯಿಂದ ಬಂದಳು. ಅವಳ ಕೈಯಲ್ಲಿ ಮರದ ಗಂಟೆಯಿತ್ತು. ಬೇಲಿ ಹಾರಿ ಊರೆಲ್ಲ ತಿರುಗುತ್ತಿದ್ದ ನಮ್ಮ ತುಡುಗು ದನ ಕೆಂಪಿಯ ಕೊರಳಿನದು. ಅದನ್ನು ಸೀಟಿನ ಕೆಳಗೆ ಹಗ್ಗದಿಂದ ಬಿಗಿದು, ಮೂರು ಗಂಟು ಹಾಕಿದಳು.

ಸೋಮವಾರ ಬೆಳಿಗ್ಗೆ ಲೊಟಕ್ ಲೊಟಕ್ ಎನ್ನುತ್ತಾ ತೋಟಕ್ಕೆ ಇಳಿದೆ. ಮೇಲಿನ ತಿರುವಿಗೆ ಬಂದು ಕಿವಿಗೊಟ್ಟೆ. ಆಮೇಲೆ ಗಿಡಗಳ ನಡುವಿನಿಂದ "ಕೂ..." ಎಂದು ಬಂತು. ಗಿರಿಜಕ್ಕನ ದನಿ. ಹಿಂದೆಯೇ ಆಚೆಯಿಂದ ಇನ್ನೊಂದು ಕೂ, ಅದರ ಹಿಂದೆ ಗೊಳ್ಳೆಂದು ನಗು. ಇಷ್ಟು ಹಿತವಾದ ಅವಮಾನ ನನಗೆ ಹಿಂದೆಂದೂ ಆಗಿರಲಿಲ್ಲ. ಗುಂಪು ಗಂಟು ಕಟ್ಟಲಿಲ್ಲ, ಹಣ್ಣು ಮುಗಿಯುವವರೆಗೂ ಇತ್ತು.

ಆ ಸಂಜೆ ಮನೆಗೆ ಬಂದಾಗ ಬಿಸಿ ಕಾಫಿ ಜಗಲಿಯ ಮೇಲೆ ಕಾಯುತ್ತಿತ್ತು. ನಾನು ಕೆಳಗಿನ ತಿರುವಿಗೆ ಬಂದದ್ದು ಶಾರದೆಗೆ ಒಲೆಯ ಮುಂದಿನಿಂದಲೇ ಕೇಳಿಸಿತ್ತಂತೆ. ಹದಿನೆಂಟು ಗೇರಿನ ಫಾರಿನ್ ಸೈಕಲ್ಲಿಗೆ ದನದ ಗಂಟೆ ಕಟ್ಟಿದ್ದೀಯಲ್ಲ, ಆಲ್ದೂರಲ್ಲಿ ನೋಡಿದವರು ಏನೆಂದಾರು ಎಂದು ನಾನು ಗೊಣಗಿದೆ.

"ನಾನು ಕಟ್ಟಿದ್ದು ಸೈಕಲ್ಲಿಗೆ ಅಂತ ತಿಳ್ಕೊಂಡ್ರಾ?" ಎಂದಳು.

ನಾನು ಅರ್ಧ ಕಾಫಿ ಅಲ್ಲೇ ಬಿಟ್ಟು ಎದ್ದೆ, ಸೈಕಲ್ಲು ಹತ್ತಿದೆ. ಲೊಟಕ್ ಎಂದಿತು. ಕೊಟ್ಟಿಗೆಯಿಂದ ಕೆಂಪಿ ತನ್ನ ಗಂಟೆಯ ಗುರುತು ಹಿಡಿದು "ಅಂಬಾ" ಎಂದಳು. ನನ್ನ ಬುದ್ಧಿ ಅರಿತ ಇನ್ನೊಂದು ಜೀವ ಆ ಮನೆಯಲ್ಲಿ ಅವಳೇ.