ದೊರೆಯ ಕಾನೂನಿಗೆ ನನ್ನ ತಿದ್ದುಪಡಿ

ತಪ್ಪು ಕಂಡರೆ ತಿದ್ದದೆ ಸುಮ್ಮನಿರಲಾರದ ಚಟ ನನ್ನದು. ಸಾಫ್ಟ್‌ವೇರ್ ಟೆಸ್ಟಿಂಗಿನಲ್ಲಿ ಇನ್ನೊಬ್ಬರ ತಪ್ಪು ಹುಡುಕಿಯೇ ಅನ್ನ ತಿಂದವನು. ಗೃಹಪ್ರವೇಶದ ಆಹ್ವಾನ ಬಂದರೂ ತಾರೀಖಿಗಿಂತ ಮೊದಲು ಕಾಗುಣಿತ ನೋಡಿ, ಕರೆದವರಿಗೆ ಫೋನು ಮಾಡಿ ತಿಳಿಸುತ್ತೇನೆ. ಈಚೆಗೆ ನಮ್ಮನ್ನು ಕರೆಯುವವರು ಕಡಿಮೆಯಾಗಿದ್ದಾರೆ.

ನನ್ನ ಹೆಂಡತಿ ಸುಧಾ ಹಲ್ಲಿನ ಡಾಕ್ಟರು. ಐವತ್ತು ದಾಟಿದ ಮೇಲೆ ಕ್ಲಿನಿಕ್ಕು ಬಿಟ್ಟು, ದಿನಾ ಈ ಪರದೇಶದ ನಮ್ಮೂರು ವಾಲ್ನಟ್ ಕ್ರೀಕ್‌ನಲ್ಲಿ ರೈಲು ಹತ್ತಿ, ಇತಿಹಾಸದ ಎಂ.ಎ. ಓದಲು ಹೊರಟಳು. ಸಾವಿರದ ಇನ್ನೂರು ವರ್ಷಗಳ ಹಿಂದೆ ಯುರೋಪಿನಲ್ಲಿ ಫ್ರಾಂಕರ ದೊರೆ ಹೊರಡಿಸಿದ ಕಾನೂನು ಅವಳ ವಿಷಯ. ದೊರೆಯ ಮೂಲ ಪ್ರತಿ ಕಳೆದೇಹೋಗಿದೆಯಂತೆ. ಉಳಿದಿರುವುದು ಮಠದ ಸನ್ಯಾಸಿಗಳು ಲ್ಯಾಟಿನ್ನಿನಲ್ಲಿ ಮಾಡಿಕೊಂಡ ನಕಲುಗಳು. ಒಂದರಲ್ಲಿರುವ ಕಲಮು ಇನ್ನೊಂದರಲ್ಲಿಲ್ಲ, ಮತ್ತೊಂದರಲ್ಲಿ ಕ್ರಮವೇ ಬೇರೆ. ಪ್ರಜೆಗಳು ಪಾಪ ಯಾವುದನ್ನು ಪಾಲಿಸುತ್ತಿದ್ದರೋ, ನನಗಂತೂ ಇವತ್ತಿಗೂ ತಲೆಬುಡ ತಿಳಿದಿಲ್ಲ.

ಅಂಥ ನಾಲ್ಕು ನಕಲುಗಳನ್ನು ಸುಧಾ ತಿಂಗಳುಗಟ್ಟಲೆ ಕೂತು ಟೈಪು ಮಾಡಿದ್ದಳು. ಸೋಮವಾರ ಪ್ರೊಫೆಸರಿಗೆ ಒಪ್ಪಿಸದಿದ್ದರೆ ಈ ವರ್ಷ ಪದವಿಯಿಲ್ಲ. ಶನಿವಾರ ಬೆಳಿಗ್ಗೆ, "ರೀ, ಫೈಲುಗಳು ಸರಿಯಾಗಿ ಓಪನ್ ಆಗ್ತವಾ ನೋಡಿ" ಎಂದು ಹೇಳಿ ಹತ್ತಿರದ ಊರು ಲಿವರ್‌ಮೋರ್‌ನ ದೇವಸ್ಥಾನಕ್ಕೆ ಹೋದಳು. ಓಪನ್ ಆದವು. ಆದರೆ ಎರಡು ಫೈಲುಗಳಲ್ಲೂ ಅದೇ ಒಂದು ಸಾಲು ಬಿಟ್ಟುಹೋಗಿತ್ತು. ಪಾಪ, ಸುಸ್ತಿನಲ್ಲಿ ಕಣ್ಣು ತಪ್ಪಿರಬೇಕು ಎಂದುಕೊಂಡೆ. ಲ್ಯಾಟಿನ್ ಬಾರದಿದ್ದರೇನು, ಹೋಲಿಸಲು ಬರುತ್ತದಲ್ಲ. ನಾಲ್ಕೂ ತಾಳೆಯಾಗುವಂತೆ ತಿದ್ದಿ, ಮುಂದೆ ಗೊಂದಲವಾಗದಿರಲೆಂದು ಹಳೆಯ ಫೈಲುಗಳನ್ನು ಅಳಿಸಿಯೇಬಿಟ್ಟೆ.

ಪ್ರಸಾದ ಕೈಯಲ್ಲಿ ಹಿಡಿದೇ ಸುಧಾ ಕಂಪ್ಯೂಟರಿನ ಪರದೆ ನೋಡಿದಳು. ಮುಖ ಬಿಳಿಚಿಕೊಂಡಿತು.

"ರೀ, ಆ ತಪ್ಪುಗಳೇ ಕಣ್ರೀ ನನ್ನ ಥೀಸಿಸ್ಸು. ಇಬ್ರು ಸನ್ಯಾಸಿಗಳೂ ಅದೇ ಸಾಲು ಬಿಟ್ಟಿದ್ರೆ ತಾನೇ ಒಬ್ರನ್ನ ನೋಡ್ಕೊಂಡು ಇನ್ನೊಬ್ರು ಬರೆದಿದ್ದಾರೆ ಅಂತ ಗೊತ್ತಾಗೋದು?"

"ಅಂದ್ರೆ ತಪ್ಪಿದ್ರೆ ಸರಿನಾ?"

"ಹೂಂ."

"ಸರಿ ಇದ್ರೆ?"

"ಅದೇ ನೀವು ಮಾಡಿರೋದು."

ಅತ್ತಿದ್ದರೆ ವಾಸಿಯಿತ್ತು. ಅವಳು ಅಳಲಿಲ್ಲ, ಬ್ಯಾಗಿನಿಂದ ಆ ಫೈಲುಗಳ ಹಳೆಯ ಪ್ರಿಂಟೌಟು ತೆಗೆದು ನನ್ನ ಮುಂದಿಟ್ಟಳು. ನನಗೆ ನಾಚಿಕೆಯಿಂದ ಮೈ ಹಿಡಿಯಾಯಿತು. ಎರಡು ದಿನ ಅದನ್ನು ನೋಡಿಕೊಂಡು, ಸರಿಮಾಡಿದ್ದನ್ನೆಲ್ಲ ಶ್ರದ್ಧೆಯಿಂದ ಕೆಡಿಸುತ್ತ ಕೂತೆ. ಬದುಕಿನಲ್ಲಿ ಇಷ್ಟು ಕಷ್ಟದ ಕೆಲಸ ಮಾಡಿದ್ದಿಲ್ಲ.

ಭಾನುವಾರ ಸಂಜೆ ಸುಧಾ ಎಲ್ಲ ತಾಳೆ ನೋಡಿದಳು. ನಾಳೆ ಒಪ್ಪಿಸಬಹುದು ಎಂದಳು. ನಾನು ಉಸಿರು ಬಿಡುವಷ್ಟರಲ್ಲಿ ಒಂದು ಸಾಲಿನ ಮೇಲೆ ಅವಳ ಬೆರಳು ನಿಂತಿತು.

"ಈ ತಪ್ಪು ಯಾವ ಸನ್ಯಾಸಿಯದೂ ಅಲ್ಲ ರೀ. ನಿಮ್ಮದೇ," ಎಂದು ನಕ್ಕಳು.

ನೋಡಿದೆ. ನಿಜ, ಒಂದು ಪದವನ್ನು ಎರಡು ಸಲ ಬರೆದಿದ್ದೆ. ಅವಳು ಅಳಿಸಲು ಹೋದಾಗ ನನಗೇನಾಯಿತೋ, ಅವಳ ಕೈ ಹಿಡಿದುಕೊಂಡು ಬೇಡಿಕೊಂಡೆ: "ಅದೊಂದು ಹಾಗೇ ಇರ್ಲಿ ಬಿಡೇ."