ಮೇಜು ತಟ್ಟೋರಿಲ್ಲದ ಎಮ್ಮೆಲ್ಲೆ

ಯಾವ ಪಾರ್ಟಿಗೂ ಸೇರದ ಎಮ್ಮೆಲ್ಲೆಗೆ ಐದು ವರ್ಷ ಕಾರು ಓಡಿಸಿದವನು ನಾನು. ಒಂದು ದಿನ ನಗದೆ ಮನೆಗೆ ಬಂದರೆ, “ಯಾಕೆ, ಸಾರ್‌ಗೆ ಉಷಾರಿಲ್ವಾ?” ಅಂತ ನನ್ನ ಹೆಂಡತಿ ಕೇಳುತ್ತಿದ್ದಳು. ನಮ್ಮ ಸಾರ್ ತಮಿಳುನಾಡಿನ ಪೆನ್ನಾಗರಂ ಕಡೆ ಮೂವತ್ತು ವರ್ಷ ದನದ ಡಾಕ್ಟರಾಗಿದ್ದವರು. ರಿಟೈರಾದ ಮೇಲೆ ಸ್ವತಂತ್ರವಾಗಿ ಎಲೆಕ್ಷನ್ನಿಗೆ ನಿಂತರು. ತಮಿಳಲ್ಲಿ ಅದಕ್ಕೆ ‘ಸುಯೇಚ್ಚೈ’ ಅಂತಾರೆ.

೧. ಬಾವುಟ ಎಂಗೈತೆ?

ಓಟು ಕೇಳಲು ಹೋದಾಗ ಒಬ್ಬ ಅಜ್ಜಿ ನಮ್ಮನ್ನು ಬಾಗಿಲಲ್ಲೇ ನಿಲ್ಲಿಸಿದಳು.

“ಯಾವ ಪಾರ್ಟಿಲಾ ನೀನು?”

“ಸುಯೇಚ್ಚೈ, ಅವ್ವಾ.”

“ಅದ್ಯಾವ್ದು? ಬಾವುಟ ಎಂಗೈತೆ?”

“ಬಾವುಟ ಇಲ್ಲ.”

“ತಲೈವರು ಯಾರು?”

“ಯಾರೂ ಇಲ್ಲ. ನಾನೊಬ್ನೇ.”

ಅಜ್ಜಿಯ ಮುಖ ಸಣ್ಣಗಾಯಿತು. “ಅಯ್ಯೋ, ಎಲ್ಲಾರೂ ಬುಟ್ಟೋದ್ರಾ? ಅಳಬ್ಯಾಡ ಓಗು ಮಗಾ, ನನ್ನ ಓಟು ನಿಂಗೇ.”

೨. ವೇಷ್ಟಿಯ ಅಂಚು

ಸಾರ್ ಗೆದ್ದೇಬಿಟ್ಟರು. ಪ್ರಮಾಣವಚನಕ್ಕೆ ಉಡಲು ವೇಷ್ಟಿ, ಅಂದರೆ ಪಂಚೆ, ತರಲು ಸೇಲಂಗೆ ಹೋದೆವು. ನಮ್ಮ ಕಡೆ ವೇಷ್ಟಿಯ ಅಂಚಿನ ಬಣ್ಣ ನೋಡಿಯೇ ಆಸಾಮಿ ಯಾವ ಪಾರ್ಟಿ ಅಂತ ಹೇಳಬಹುದು.

“ಯಾವ ಬಣ್ಣ ಕೊಡಲಿ ಸಾರ್?” ಅಂಗಡಿಯವರು ತಮಿಳಲ್ಲಿ ಕೇಳಿದರು.

“ಬಣ್ಣ ಬೇಡ. ಬರೀ ಬಿಳಿ ಸಾಕು.”

ಅಂಗಡಿಯವರು ದನಿ ತಗ್ಗಿಸಿದರು: “ಇನ್ನೂ ಮಾತುಕತೆ ನಡೀತಾ ಇದೆಯಾ? ಸದ್ಯಕ್ಕೆ ಇದನ್ನೇ ಉಡಿ ಸಾರ್. ಕುದುರಿದ ಮೇಲೆ ತನ್ನಿ, ಅಂಚು ಹೊಲಿಸಿ ಕೊಡ್ತೀನಿ.”

೩. ಒಳ್ಳೇ ಸಲಹೆ

ಒಂದು ಪಾರ್ಟಿಯ ತಾಲ್ಲೂಕು ಕಾರ್ಯದರ್ಶಿ ಹಣ್ಣಿನ ಬುಟ್ಟಿ ಹಿಡಿದು ಬಂದ. “ನಮ್ಮ ಜೊತೆ ಸೇರ್ಕೊಳ್ಳಿ ಸಾರ್.”

“ಸುಯೇಚ್ಚೈಯಾಗಿ ಗೆದ್ದೋನು ಆಮೇಲೆ ಪಾರ್ಟಿ ಸೇರಿದ್ರೆ ಕಾನೂನು ಪ್ರಕಾರ ಸೀಟೇ ಓಯ್ತದೆ ಕಣಪ್ಪ. ಮತ್ತೆ ಎಲೆಕ್ಷನ್ ಆಗ್ಬೇಕು.”

ಆತ ಬಾಗಿಲತ್ತ ನೋಡಿದ. ಯಾರೂ ಇಲ್ಲದ್ದು ಖಾತ್ರಿಯಾದ ಮೇಲೆ ಹತ್ತಿರ ಸರಿದು, “ಹಂಗಾದ್ರೆ ಎದುರು ಪಾರ್ಟಿಗೆ ಸೇರಿಬಿಡಿ ಸಾರ್. ಸೀಟು ಖಾಲಿಯಾದ್ರೆ ನಾನು ನಿಲ್ತೀನಿ” ಅಂದ.

೪. ಮೊದಲ ಭಾಷಣ

ಬೆಟ್ಟದ ಮೇಲಿನ ಒಂದು ಹಳ್ಳಿಗೆ ಬಸ್ಸಿರಲಿಲ್ಲ. ಬಸುರಿ ಹೆಂಗಸರು ಕೂಡ ಆಸ್ಪತ್ರೆಗೆ ನಡೆದೇ ಇಳಿಯಬೇಕಿತ್ತು. ಸಾರ್ ಅಸೆಂಬ್ಲಿಯಲ್ಲಿ ಮೊದಲ ಸಲ ಎದ್ದು ನಿಂತಿದ್ದು ಆ ಬಸ್ಸಿಗಾಗಿ. ಪಾಸು ಕೊಡಿಸಿದ್ದರಿಂದ ನಾನು ಮೇಲೆ ಗ್ಯಾಲರಿಯಲ್ಲಿದ್ದೆ.

ಅಲ್ಲಿ ಯಾರೇ ಮಾತಾಡಿದರೂ ಅವರ ಪಾರ್ಟಿಯವರು ದಬದಬ ಮೇಜು ತಟ್ಟುತ್ತಾರೆ. ಸಾರ್ ಚೆನ್ನಾಗಿಯೇ ಮಾತಾಡಿದರು. ಆ ಹೆಂಗಸರ ವಿಷಯ ಬಂದಾಗ ನನ್ನ ಕಣ್ಣಲ್ಲಿ ನೀರು. ಮುಗಿಸಿ ಕೂತರು. ಆಡಳಿತದ ಕಡೆ ಸದ್ದಿಲ್ಲ, ವಿರೋಧದ ಕಡೆಯೂ ಸದ್ದಿಲ್ಲ. ಸಾರ್ ಆ ಕಡೆ ನೋಡಿದರು, ಈ ಕಡೆ ನೋಡಿದರು. ಆಮೇಲೆ ತಮ್ಮ ಮೇಜನ್ನು ತಾವೇ ಜೋರಾಗಿ ತಟ್ಟಿಕೊಂಡರು!

ಇಡೀ ಸಭೆ ಗೊಳ್ಳೆಂದಿತು. ನಗುತ್ತಲೇ ಎರಡೂ ಕಡೆಯವರು ಮೇಜು ತಟ್ಟಿದರು. ಸಾರಿಗೆ ಮಂತ್ರಿಗಳು ನಕ್ಕು ನಕ್ಕು ಕಣ್ಣೊರೆಸಿಕೊಂಡು, ಬಸ್ಸು ಬಿಡುತ್ತೇವೆ ಅಂತ ಅಲ್ಲೇ ಒಪ್ಪಿಕೊಂಡರು.

ವಾಪಸ್ ಬರುವಾಗ ಕಾರಿನಲ್ಲಿ ಕೇಳಿದೆ, “ಅಲ್ಲ ಸಾರ್, ನಿಮ್ಮ ಮೇಜು ನೀವೇ ತಟ್ಕೊಂಡ್ರಲ್ಲ?”

“ಇನ್ನೇನ್ಲಾ ಮಾಡ್ಲಿ? ನಮ್ಮ ಪಾರ್ಟಿಲಿ ಇರೋನು ನಾನೊಬ್ಬ. ನಾನೂ ತಟ್ಟದೆ ಕುಂತಿದ್ರೆ, ಪಾರ್ಟಿ ಒಡೆದೋಯ್ತು ಅಂತ ನಾಳೆ ಪೇಪರ್‌ನೋರು ಬರೆಯಲ್ವಾ?”