ಬೀಮಿಗೊಂದು ತೂತು

ಸ್ವಭಾವತಃ ನಾನು ಜಗಳಗಂಟಿಯಲ್ಲ. ತರಕಾರಿಯವಳು ಬಾಡಿದ ಮೆಂತ್ಯ ಕೊಟ್ಟರೂ ಸುಮ್ಮನೆ ತರುತ್ತೇನೆ. ಬಸ್ಸಿನ ಸೀಟಿನ ಮೇಲೆ ಯಾರದೋ ಟವೆಲ್ ಬಿದ್ದಿದ್ದರೆ ಗೋಕಾಕದಿಂದ ಹುಕ್ಕೇರಿಯವರೆಗೂ ನಿಂತೇ ಹೋಗುತ್ತೇನೆ. ಆದರೆ ಯಾರಾದರೂ ಬೀಮಿಗೆ ತೂತು ಕೊರೆಯಲು ಹೊರಟರೆ ಮಾತ್ರ ನನ್ನೊಳಗೆ ಬೇರೆ ಯಾರೋ ಎದ್ದು ಕೂರುತ್ತಾರೆ. ಗೋಕಾಕದಲ್ಲಿ ಕಚೇರಿ ಇಟ್ಟುಕೊಂಡು ಮನೆ ಕಟ್ಟಿಸುವ ಇಂಜಿನಿಯರ್ ನಾನು. ಇಷ್ಟು ವರ್ಷಗಳಲ್ಲಿ ಕಲಿತದ್ದೆಂದರೆ, ನಮ್ಮ ಜನ ಮನೆ ಕಟ್ಟುವುದೇ ಆಮೇಲೆ ಅದಕ್ಕೆ ತೂತು ಹಾಕುವುದಕ್ಕೆ. ನೀರಿಗೊಂದು, ವೈರಿಗೊಂದು, ಅಡುಗೆಮನೆಯ ಹೊಗೆಗೊಂದು. ಗೋಡೆಗೆ ಹಾಕಲಿ, ನನ್ನ ತಕರಾರಿಲ್ಲ. ಬೀಮು ಹಾಗಲ್ಲ. ಮೇಲಿನದೆಲ್ಲವನ್ನೂ ಹೊತ್ತು ಅದು ಸುಮ್ಮನಿರುತ್ತದೆ. ಸುಮ್ಮನಿರುವವರನ್ನು ಕಂಡರೆ ಚುಚ್ಚಬೇಕೆನಿಸುವುದು ಮನುಷ್ಯನ ಗುಣವಿರಬೇಕು.

ಕಳೆದ ತಿಂಗಳು ಕಲ್ಲೋಳಿಯಲ್ಲಿ ಹೀಗಾಯಿತು. ನಿವೃತ್ತ ಬಸಪ್ಪ ಮಾಸ್ತರರ ಎರಡಂತಸ್ತಿನ ಮನೆ ನನ್ನ ಉಸ್ತುವಾರಿಯಲ್ಲಿ ಏಳುತ್ತಿತ್ತು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಪ್ಲಂಬರ್ ಈರಪ್ಪ ಅಟ್ಟಣಿಗೆಯ ಹಲಗೆ ಹತ್ತಿ ನಿಂತಿದ್ದಾರೆ. ಪಡಸಾಲೆಯ ಬೀಮಿನ ಮೇಲೆ, ಕಂಬದಿಂದ ಗೇಣು ದೂರದಲ್ಲಿ, ಸೀಮೆಸುಣ್ಣದ ದುಂಡು ಗುರುತು. ಕೈಯಲ್ಲಿ ಕೊರೆಯುವ ಮಷೀನು. ಮಹಡಿಯ ಬಚ್ಚಲಿನ ಪೈಪು ಅಲ್ಲಿಂದಲೇ ಹಾಯಬೇಕಂತೆ.

"ಈರಪ್ಪ ಕಾಕಾ, ಅಲ್ಲಿ ಕೊರೀಬ್ಯಾಡ್ರಿ" ಎಂದೆ.

"ನಾಕ ಇಂಚಿಂದು ಐತ್ರಿ ಬಾಯಾರ. ಇಷ್ಟ ದೊಡ್ಡ ಬೀಮಿಗೆ ಅದೇನ ಲೆಕ್ಕ?"

ಲೆಕ್ಕವಿದೆ. ಕಂಬದ ಪಕ್ಕದಲ್ಲೇ ಬೀಮನ್ನು ಕತ್ತರಿಸುವಂಥ ಒತ್ತಡ ಹೆಚ್ಚು. ಅದಕ್ಕೆಂದೇ ಅಲ್ಲಿ ಕಬ್ಬಿಣದ ರಿಂಗುಗಳನ್ನು ಒತ್ತೊತ್ತಾಗಿ ಕಟ್ಟಿರುತ್ತೇವೆ, ಮಷೀನು ಮೊದಲು ಕಡಿಯುವುದು ಅವನ್ನೇ. ತೂತು ಬೇಕೇಬೇಕೆಂದರೆ ಕಾಂಕ್ರೀಟು ಹಾಕುವ ಮುಂಚೆಯೇ ಲೆಕ್ಕ ಹಾಕಿ, ತಕ್ಕ ಜಾಗದಲ್ಲಿ ಪೈಪಿನ ತುಂಡೊಂದನ್ನು ಇಡಬೇಕು. ಇದನ್ನೆಲ್ಲ ಹೇಳಿದೆ. ಕೆಳಗೆ ನಿಂತಿದ್ದ ಮಾಸ್ತರರು ನಾನೊಬ್ಬ ದಡ್ಡ ವಿದ್ಯಾರ್ಥಿನಿ ಎಂಬಂತೆ ತಾಳ್ಮೆಯಿಂದ ಕೇಳಿದರು.

"ಖರೆ ಐತ್ರಿ. ಆದ್ರ ಬಾಜೂಕ ತೊಗೊಂಡ್ ಹ್ವಾದ್ರ ಪೈಪು ಮನಿ ಮುಂದಿನ ಗ್ವಾಡಿ ಮ್ಯಾಲ ಕಾಣತೈತಿ. ಬೀಗರು ಬಂದು ಮೊದಲ ಅದನ್ನ ನೋಡ್ಬೇಕೇನ್ರಿ? ಈರಪ್ಪ, ನೀ ಕೊರಿ."

ಈರಪ್ಪ ಮಷೀನಿಗೆ ವೈರು ಸಿಗಿಸಲು ಕೆಳಗಿಳಿದರು. ಅಷ್ಟರಲ್ಲಿ ನಾನು ಏಣಿ ಹತ್ತಿ, ಹಲಗೆಯ ಮೇಲೆ ಕೂತು, ಆ ಸುಣ್ಣದ ಗುರುತಿಗೆ ತಲೆ ಆನಿಸಿಬಿಟ್ಟೆ. "ಕೊರಿಯೋದಾದ್ರ ನನ್ನ ತಲಿ ಸೇರಿಸಿ ಕೊರೀರಿ" ಎಂದೆ. ಮಾಸ್ತರರು ಕಂಗಾಲಾದರು. ಹನ್ನೊಂದಕ್ಕೆ ಕೂತವಳು ಎರಡಾದರೂ ಇಳಿಯಲಿಲ್ಲ. ಹತ್ತಿದಷ್ಟು ಸುಲಭವಾಗಿ ಇಳಿಯಲು ನನಗೆ ಬರುವುದಿಲ್ಲ ಎಂಬುದೂ ಒಂದು ಕಾರಣ, ಅದನ್ನು ಅಲ್ಲಿ ಹೇಳುವಂತಿರಲಿಲ್ಲ.

ಕೊನೆಗೆ ಮಾಸ್ತರರ ಹೆಂಡತಿ ಶಾಂತವ್ವ ರೊಟ್ಟಿ-ಪಲ್ಯದ ತಾಟು ಮೇಲಕ್ಕೆ ಚಾಚುತ್ತ ಕೇಳಿದರು: "ತೂತು ಹಾಕಿದ್ರ ಬೀಳತೈತೇನ್ರಿ ಬಾಯಾರ?"

"ಇವತ್ತ ಬೀಳೂದಿಲ್ರಿ ಅವ್ವಾರ. ಮುಂದ ಬಿರುಕು ಬಿಟ್ರ ಅದರ ಕೆಳಗ ಕೂಡೋರು ನೀವು. ನಾ ಅಂತೂ ಹೂಂ ಅನ್ನೂದಿಲ್ಲ."

ಶಾಂತವ್ವ ಬೀಮನ್ನೊಮ್ಮೆ, ಗಂಡನನ್ನೊಮ್ಮೆ ನೋಡಿದರು. "ಪೈಪು ಹೊರಗ ಹೋಗ್ಲಿ. ಅದಕ್ಕ ಮಲ್ಲಿಗಿ ಬಳ್ಳಿ ಹಬ್ಬಸ್ತೇನಿ. ಬೀಗರು ಕೇಳಿದ್ರ ನಾ ಹೇಳ್ತೇನಿ."

ಊರಿಗೆಲ್ಲ ಪಾಠ ಹೇಳಿದ ಮಾಸ್ತರರು ಮನೆಯಲ್ಲಿ ಒಳ್ಳೆಯ ವಿದ್ಯಾರ್ಥಿಯೇ ಆಗಿದ್ದರು. ಬೀಮನ್ನು ಬಿಟ್ಟು, ಸ್ಲ್ಯಾಬಿನಲ್ಲಿ ನಾನು ತೋರಿಸಿದ ಜಾಗದಲ್ಲಿ ಪೈಪು ಇಳಿಸಿ ಹೊರಗೋಡೆಗೆ ತಿರುಗಿಸುವುದೆಂದು ತೀರ್ಮಾನವಾಯಿತು. ಈರಪ್ಪನವರೇ ನನ್ನನ್ನು ಕೈಹಿಡಿದು ಇಳಿಸಿದರು. ನಾಳೆ ಮಮದಾಪುರದಲ್ಲೂ ಕೌಜಲಗಿಯಲ್ಲೂ ನಾನು ಕಟ್ಟಿಸುತ್ತಿರುವ ಮನೆಗಳಲ್ಲಿ ಹೀಗೇ ಕೂರುತ್ತೇನೆಂದು ಎಲ್ಲರಿಗೂ ಕೇಳುವಂತೆ ಸಾರಿ, ಎದೆಯುಬ್ಬಿಸಿ ಸ್ಕೂಟರಿನ ಕಡೆ ನಡೆದೆ.

ಈರಪ್ಪ ಹಿಂದೆಯೇ ಬಂದರು. ಸುತ್ತ ಯಾರೂ ಇಲ್ಲವೆಂದು ನೋಡಿಕೊಂಡು, ಜೇಬಿನಿಂದ ನಾಲ್ಕು ಮಡಿಕೆಯ ಕಾಗದವೊಂದನ್ನು ತೆಗೆದು ಬಿಡಿಸಿದರು. ಬಚ್ಚಲಿನ ಪೈಪಿನ ನಕ್ಷೆ. ಪೈಪಿನ ಗೆರೆ ನೆಟ್ಟಗೆ ಅದೇ ಬೀಮಿನೊಳಗೆ ಹಾಯ್ದು ಹೋಗಿತ್ತು. ಕೆಳಗೆ ನನ್ನ ಸಹಿ.

"ಎಲ್ಲಾರ ಮುಂದ ತೋರ್ಸೂದು ಚೊಲೋ ಅಲ್ಲ ಅಂತ ಸುಮ್ಮನಿದ್ನಿರಿ" ಎಂದರು.

ನಾನು ಸೋಲಲಿಲ್ಲ. "ನಕ್ಷೆ ತಪ್ಪಿರಬಹುದ್ರಿ ಕಾಕಾ, ನಾ ತಪ್ಪಿಲ್ಲ" ಎಂದು ಕಾಗದಕ್ಕೆ ಕೈ ಚಾಚಿದೆ. ಈರಪ್ಪ ಅದನ್ನು ಮೆಲ್ಲಗೆ ಮಡಿಚಿ ತಮ್ಮ ಜೇಬಿಗೇ ಇಳಿಸಿದರು.

"ಇದು ನನ್ನ ಕಡೆ ಇರಲಿ ಬಿಡ್ರಿ. ಮಮದಾಪುರದಾಗೂ ಪ್ಲಂಬರ್ ನಾನ ಅದೇನಿ."